ಬೇಸ್ ಗಿಟಾರ್‌ನ ಇಂಟೊನೇಷನ್: ಕೊನೆಗೆ ತಿರುಗಿಸಬೇಕಿದ್ದ ಸ್ಕ್ರೂ

ನನ್ನ ಬೇಸ್ ಗಿಟಾರ್‌ನಲ್ಲಿ ಏನೋ ಸರಿಯಿಲ್ಲ ಎಂಬುದು ನುಡಿಸುವಾಗ ನನಗೆ ಗೊತ್ತಾಗಿರಲಿಲ್ಲ. ನುಡಿಸಿದ್ದನ್ನು ಧ್ವನಿಮುದ್ರಿಸಿ ಕೇಳಿದಾಗ ಗೊತ್ತಾಯಿತು. ಕೀಬೋರ್ಡ್ ನುಡಿಸುವ ಗೆಳೆಯನೊಬ್ಬನ ಜೊತೆ ಸೇರಿ ಮೂರು ನಿಮಿಷದ ಸಣ್ಣ ತುಣುಕೊಂದನ್ನು ಮುದ್ರಿಸುತ್ತಿದ್ದೆವು. ಕೆಳಗಿನ ಫ್ರೆಟ್‌ಗಳಲ್ಲಿ, ಅಂದರೆ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಲ್ಲಿ, ಓಡಾಡಿದಷ್ಟು ಹೊತ್ತು ಎಲ್ಲವೂ ಚೆನ್ನಾಗಿಯೇ ಇತ್ತು. ನಡುವೆ ಒಂದು ಕಡೆ ನಾನು ನಾಲ್ಕರಲ್ಲಿ ಅತಿ ದಪ್ಪದ ಇ ತಂತಿಯ ಮೇಲೆಯೇ ಏರಿಹೋಗಿ 12ನೆಯ ಫ್ರೆಟ್‌ನಲ್ಲಿ ನಿಲ್ಲುತ್ತಿದ್ದೆ. ಆ ಹೊತ್ತಿಗೆ ಕೀಬೋರ್ಡ್ ಅದೇ ಇ ಸ್ವರವನ್ನು ಹಿಡಿದುಕೊಂಡಿರುತ್ತಿತ್ತು. ಆ ಜಾಗ ಬಂದಾಗಲೆಲ್ಲ ಎರಡು ಸ್ವರಗಳೂ ಬೆರೆಯದೆ, ನಿಧಾನವಾಗಿ ತೂಗಾಡಿದಂತೆ ಕೇಳುತ್ತಿತ್ತು. ಗೆಳೆಯ ಹೆಡ್‌ಫೋನ್ ತೆಗೆದು, "ಬಿಟ್ಟ ತಂತಿ ಶ್ರುತಿಯಲ್ಲೇ ಇದೆ ಕಣೋ, ಮೇಲೆ ಹೋದ ಹಾಗೆ ಏರ್ತಾ ಇದೆ. ಇಂಟೊನೇಷನ್ ನೋಡಿದ್ದೀಯಾ?" ಎಂದ. ನೋಡಿರಲಿಲ್ಲ. ಎರಡು ವರ್ಷದ ಹಿಂದೆ ಇನ್ನೊಬ್ಬರ ಕೈಯಿಂದ ಕೊಂಡ ವಾದ್ಯ ಅದು. ಬಿರಡೆ ತಿರುಗಿಸಿ ಶ್ರುತಿ ಮಾಡುವುದನ್ನು ಬಿಟ್ಟರೆ ಅದರ ಬೇರಾವ ಭಾಗವನ್ನೂ ನಾನು ಮುಟ್ಟಿರಲಿಲ್ಲ.

ಇಂಟೊನೇಷನ್ ಎಂದರೆ, ಬಿಟ್ಟ ತಂತಿ (ಎಲ್ಲೂ ಒತ್ತದೆ ಮೀಟಿದ ತಂತಿ) ಶ್ರುತಿಯಲ್ಲಿದ್ದಾಗ ಅದೇ ತಂತಿಯನ್ನು ಬೇರೆ ಬೇರೆ ಫ್ರೆಟ್‌ಗಳಲ್ಲಿ ಒತ್ತಿದರೂ ಶ್ರುತಿ ಕೆಡದಿರುವುದು. ಇದನ್ನು ಪರೀಕ್ಷಿಸುವ ರೂಢಿಯ ಜಾಗ 12ನೆಯ ಫ್ರೆಟ್, ಏಕೆಂದರೆ ಅದು ನಟ್‌ಗೂ (ಬಿರಡೆಗಳ ಬಳಿ ತಂತಿಗಳು ಕೂರುವ ಪಟ್ಟಿ) ಬ್ರಿಡ್ಜ್‌ಗೂ (ಇನ್ನೊಂದು ತುದಿಯಲ್ಲಿ ತಂತಿಗಳನ್ನು ಹಿಡಿದಿರುವ ಭಾಗ) ನಟ್ಟನಡುವೆ ಇರುತ್ತದೆ ಮತ್ತು ಅಲ್ಲಿ ಒತ್ತಿದರೆ ಬಿಟ್ಟ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿನ ಸ್ವರ ಬರಬೇಕು. ಸಾಮಾನ್ಯ ಬೇಸ್‌ನ ತಂತಿಯ ಉದ್ದ 34 ಇಂಚು, ಅಂದರೆ 863.6 ಮಿ.ಮೀ.; ನಟ್‌ನಿಂದ 12ನೆಯ ಫ್ರೆಟ್‌ಗೆ ಅದರ ಅರ್ಧ, 431.8 ಮಿ.ಮೀ. ಮಿಕ್ಕ ಫ್ರೆಟ್‌ಗಳ ಜಾಗವನ್ನೂ ಹೀಗೆಯೇ ಲೆಕ್ಕದಿಂದ ಕಂಡುಕೊಂಡಿರುತ್ತಾರೆ: ಉಳಿದ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್ ಎಷ್ಟು ದೂರ ಎಂಬುದು ಸಿಗುತ್ತದೆ, ಹಾಗಾಗಿ ಮೊದಲನೆಯ ಫ್ರೆಟ್ ನಟ್‌ನಿಂದ ಸುಮಾರು 48.5 ಮಿ.ಮೀ. ದೂರದಲ್ಲಿ ಕೂರುತ್ತದೆ. ಈ ಲೆಕ್ಕವೆಲ್ಲ ಪೆಡಸುತನವೇ ಇಲ್ಲದ, ಒತ್ತಿದರೂ ಎಳೆದುಕೊಂಡು ಬಿಗಿಯಾಗದ ಒಂದು ಆದರ್ಶ ತಂತಿಗೆ ಹೇಳಿದ್ದು. ನಿಜವಾದ ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಕೊಂಚ ಎಳೆದುಕೊಂಡು ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಶ್ರುತಿ ಏರುತ್ತದೆ. ಅದರ ಮೇಲೆ, ದಪ್ಪ ತಂತಿಯ ಒಳಗಿನ ಉಕ್ಕಿನ ಎಳೆ ತನ್ನ ಪೆಡಸುತನದಿಂದಲೂ ಶ್ರುತಿಯನ್ನು ಮೇಲಕ್ಕೆ ದೂಡುತ್ತದೆ. ಕಂಪಿಸುವ ಉದ್ದ ಕಡಿಮೆಯಾದಷ್ಟೂ ಈ ಪೆಡಸುತನ ಹೆಚ್ಚು ಕಾಣಿಸುತ್ತದೆ. ಈ ಎರಡನ್ನೂ ಸರಿದೂಗಿಸಲು ತಂತಿಯ ಉದ್ದವನ್ನು ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚಿಸಬೇಕು, ದಪ್ಪ ತಂತಿಗೆ ತೆಳು ತಂತಿಗಿಂತ ಹೆಚ್ಚು ಹೆಚ್ಚಿಸಬೇಕು. ತಂತಿವಾದ್ಯದವರು ಕುದುರೆ ಎನ್ನುವ ಭಾಗವನ್ನು ಬೇಸ್ ಗಿಟಾರ್‌ನಲ್ಲಿ ತಂತಿಗೊಂದರಂತೆ ಬೇರ್ಪಡಿಸಿ, ಒಂದೊಂದನ್ನೂ ಸ್ಕ್ರೂ ತಿರುಗಿಸಿ ಹಿಂದೆಮುಂದೆ ಸರಿಸಲು ಬರುವಂತೆ ಮಾಡಿರುವುದು ಇದಕ್ಕಾಗಿಯೇ. ಈ ಪುಟ್ಟ ಕುದುರೆಗಳಿಗೆ ಸ್ಯಾಡಲ್ ಎಂದು ಹೆಸರು.

ಈ ಸೌಲಭ್ಯ ಮೊದಲಿನಿಂದ ಇದ್ದದ್ದೇನಲ್ಲ. 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಹೊರತಂದ ಬೇಸ್‌ಗೆ ಪ್ರಿಸಿಷನ್, ಅಂದರೆ ನಿಖರತೆ, ಎಂದೇ ಹೆಸರಿಟ್ಟಿದ್ದರು; ಫ್ರೆಟ್‌ಗಳಿಲ್ಲದ ದೊಡ್ಡ ಡಬಲ್ ಬೇಸ್‌ನಲ್ಲಿ ಬೆರಳು ಅಂದಾಜಿನಿಂದ ಹುಡುಕಬೇಕಿದ್ದ ಸ್ವರ ಇಲ್ಲಿ ಫ್ರೆಟ್‌ನಿಂದಾಗಿ ನಿಖರವಾಗಿ ಸಿಗುತ್ತದೆ ಎಂಬುದು ಆ ಹೆಸರಿನ ಅರ್ಥ. ಆದರೆ ಆ ಮೊದಲ ಬೇಸ್‌ನಲ್ಲಿ ನಾಲ್ಕು ತಂತಿಗಳಿಗೆ ಎರಡೇ ಸ್ಯಾಡಲ್‌ಗಳಿದ್ದವು. ಇ ತಂತಿಗೆ ಸರಿ ಮಾಡಿದರೆ ಅದರ ಜೊತೆಗಾರ ಎ ತಂತಿ ಕೆಡುವುದು, ಎ ತಂತಿಗೆ ಹೊಂದಿಸಿದರೆ ಇ ಕೆಡುವುದು. ತಂತಿಗೊಂದು ಸ್ಯಾಡಲ್ ಬಂದದ್ದು 1957ರ ಹೊಸ ವಿನ್ಯಾಸದಲ್ಲಿ. ನನಗೆ ನಾಲ್ಕು ಸ್ಯಾಡಲ್‌ಗಳಿದ್ದವು. ಕೆಡಿಸಿಕೊಳ್ಳಲು ನಾಲ್ಕು ಅವಕಾಶಗಳಿದ್ದವು ಎಂದರೂ ಸರಿಯೇ.

ಅಂದು ರಾತ್ರಿಯೇ ಟ್ಯೂನರ್ ಹಿಡಿದು ಕುಳಿತೆ. ಬಿಟ್ಟ ತಂತಿಯನ್ನು ಶ್ರುತಿ ಮಾಡುವುದು, ಬಳಿಕ 12ನೆಯ ಫ್ರೆಟ್‌ನಲ್ಲಿ ಒತ್ತಿ ಟ್ಯೂನರ್ ಎಷ್ಟು ಸೆಂಟ್ ಹೆಚ್ಚುಕಡಿಮೆ ತೋರಿಸುತ್ತದೆ ಎಂದು ಬರೆದುಕೊಳ್ಳುವುದು. ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಭಾಗ. ಒಂದು ಸ್ಥಾಯಿಗೆ 1200 ಸೆಂಟ್. ನನ್ನ ಮೊದಲ ಪಟ್ಟಿ ಹೀಗಿತ್ತು: ಜಿ ತಂತಿ 3 ಸೆಂಟ್ ಹೆಚ್ಚು, ಡಿ 5 ಹೆಚ್ಚು, ಎ 6 ಹೆಚ್ಚು, ಇ 14 ಹೆಚ್ಚು. ಇ ತಂತಿಯ 12ನೆಯ ಫ್ರೆಟ್ ಸ್ವರ 82.4 ಹರ್ಟ್ಸ್ ಇರಬೇಕು. ಅದು 14 ಸೆಂಟ್ ಏರಿದರೆ ಸೆಕೆಂಡಿಗೆ ಒಂದು ಕಂಪನದ ಮೂರನೆಯ ಎರಡು ಭಾಗದಷ್ಟು ವ್ಯತ್ಯಾಸ ಬರುತ್ತದೆ, ಅಂದರೆ ಕೀಬೋರ್ಡ್‌ನ ಸ್ವರದ ಜೊತೆ ಸೇರಿದಾಗ ಒಂದೂವರೆ ಸೆಕೆಂಡಿಗೊಮ್ಮೆ ಧ್ವನಿ ತೂಗುತ್ತದೆ. ಹೆಡ್‌ಫೋನ್‌ನಲ್ಲಿ ನಾವು ಕೇಳಿದ್ದು ಅದನ್ನೇ. ಈ ತೂಗಾಟ ನಿಧಾನವಾಗಿರುವುದರಿಂದಲೇ, ಚುರುಕಾಗಿ ನುಡಿಸಿಕೊಂಡು ಹೋಗುವಾಗ ಇಷ್ಟು ದೊಡ್ಡ ತಪ್ಪೂ ಎರಡು ವರ್ಷ ನನ್ನ ಕಿವಿಗೆ ಬಿದ್ದಿರಲಿಲ್ಲ.

ಸ್ಯಾಡಲ್‌ಗಳತ್ತ ನೋಡಿದೆ. ನಾಲ್ಕೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿದ್ದವು; ಇ ತಂತಿಯದು ಜಿ ತಂತಿಯದಕ್ಕಿಂತ ಬರೀ ಒಂದೂವರೆ ಮಿ.ಮೀ. ಹಿಂದಿತ್ತು. ಕಾರಣ ಸಿಕ್ಕಿಬಿಟ್ಟಿತು ಎಂದು ಹಿಗ್ಗಿದೆ. ನಿಯಮ ಸರಳ: ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಅನ್ನು ಹಿಂದಕ್ಕೆ, ಕತ್ತಿನಿಂದ ದೂರಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ ತರಬೇಕು. ಬ್ರಿಡ್ಜ್‌ನ ಹಿಂಬದಿಯ ಸ್ಕ್ರೂವನ್ನು ಬಲಕ್ಕೆ ತಿರುಗಿಸಿದರೆ ಸ್ಯಾಡಲ್ ಹಿಂದಕ್ಕೆ ಬರುತ್ತದೆ, ಅದರ ಹಿಂದಿರುವ ಸ್ಪ್ರಿಂಗ್ ಕುಗ್ಗುತ್ತದೆ. ನಾನು ತಂತಿಯನ್ನು ಸಡಿಲಿಸದೆಯೇ ತಿರುಗಿಸಲು ಹೊರಟೆ. ಮೂರನೆಯ ಸುತ್ತಿಗೆ ಸ್ಕ್ರೂಡ್ರೈವರ್ ಜಾರಿ ಸ್ಕ್ರೂವಿನ ತಲೆಯ ಸೀಳು ಸವೆಯಿತು. ಅಷ್ಟು ಬಿಗಿತದ ತಂತಿ ಸ್ಯಾಡಲ್ ಅನ್ನು ತಟ್ಟೆಗೆ ಅದುಮಿ ಹಿಡಿದಿರುವಾಗ ಅದನ್ನು ಎಳೆಯುವುದು ಭಾರ ಹೇರಿದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದಂತೆ ಎಂಬ ಬುದ್ಧಿ ಆಮೇಲೆ ಬಂತು. ಆ ಸ್ಕ್ರೂವಿನ ತಲೆ ಇಂದಿಗೂ ಹಾಗೆಯೇ ಇದೆ.

ತಂತಿ ಸಡಿಲಿಸಿ, ತಿರುಗಿಸಿ, ಮತ್ತೆ ಬಿಗಿದು, ಮತ್ತೆ ಅಳೆದು, ಹೀಗೆ ಹತ್ತು ಸುತ್ತು ತಿರುಗಿಸುವಷ್ಟರಲ್ಲಿ ಸ್ಪ್ರಿಂಗ್ ಪೂರ್ತಿ ಕುಗ್ಗಿ ಸುರುಳಿಗೆ ಸುರುಳಿ ತಾಗಿ ನಿಂತಿತು. ಇನ್ನು ಹಿಂದಕ್ಕೆ ಜಾಗವಿಲ್ಲ. ಟ್ಯೂನರ್ ಇನ್ನೂ 4–5 ಸೆಂಟ್ ಹೆಚ್ಚೆಂದೇ ತೋರಿಸುತ್ತಿತ್ತು. ಅದೂ ಒಂದು ಕಡೆ ನಿಲ್ಲದೆ 3ರಿಂದ 8ರ ನಡುವೆ ಓಲಾಡುತ್ತಿತ್ತು. ಸ್ಪ್ರಿಂಗ್‌ನ ಎರಡು ಸುರುಳಿ ಕತ್ತರಿಸಿ ಹಾಕಿದರೆ ಇನ್ನಷ್ಟು ಜಾಗ ಸಿಗುತ್ತದೆ ಎಂದು ಕಟ್ಟಿಂಗ್ ಪ್ಲೈಯರ್ ಕೈಗೆತ್ತಿಕೊಂಡಿದ್ದೆ. ಆಗ ಕ್ಯಾಲಿಪರ್‌ನಿಂದ ಸ್ಯಾಡಲ್ ಎಷ್ಟು ಸರಿದಿದೆ ಎಂದು ಅಳೆದು ನೋಡೋಣ ಎನ್ನಿಸಿದ್ದು ನನ್ನ ಪುಣ್ಯ.

ಹತ್ತು ಸುತ್ತಿಗೆ ಸರಿಯಾಗಿ 5 ಮಿ.ಮೀ. ಸರಿದಿತ್ತು; ನನ್ನ ಬೇಸ್‌ನಲ್ಲಿರುವುದು ಸುತ್ತಿಗೆ ಅರ್ಧ ಮಿ.ಮೀ. ಚಲಿಸುವ ಎಂ3 ಸ್ಕ್ರೂ. ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ಸೆಂಟ್ ಎಂದರೆ ಕಂಪನಸಂಖ್ಯೆಯಲ್ಲಿ ಶೇಕಡಾ 0.058ರಷ್ಟು ವ್ಯತ್ಯಾಸ. ಸ್ಯಾಡಲ್ ಸರಿಸಿದಾಗ 12ನೆಯ ಫ್ರೆಟ್‌ನ ಆಚೆಯ 431.8 ಮಿ.ಮೀ. ಉದ್ದವೂ ಬದಲಾಗುತ್ತದೆ, ಬಿಟ್ಟ ತಂತಿಯ 863.6 ಮಿ.ಮೀ. ಉದ್ದವೂ ಬದಲಾಗುತ್ತದೆ, ಬಿಟ್ಟ ತಂತಿಯನ್ನು ನಾವು ಮತ್ತೆ ಶ್ರುತಿಗೆ ತಂದುಕೊಳ್ಳುವುದರಿಂದ ಕೊನೆಗೆ ಉಳಿಯುವ ಪರಿಣಾಮ ಸರಿದ ದೂರವನ್ನು 863.6ರಿಂದ ಭಾಗಿಸಿದಷ್ಟು ಮಾತ್ರ. ಅಂದರೆ 34 ಇಂಚಿನ ಬೇಸ್‌ನಲ್ಲಿ ಒಂದು ಸೆಂಟ್‌ಗೆ ಸ್ಯಾಡಲ್ ಅರ್ಧ ಮಿ.ಮೀ. ಸರಿಯಬೇಕು. ನನ್ನ ವಾದ್ಯದಲ್ಲಿ ಅದು ಸ್ಕ್ರೂವಿನ ಒಂದು ಸುತ್ತು. ಸುತ್ತಿಗೊಂದು ಸೆಂಟ್! ಇಷ್ಟು ಅಚ್ಚುಕಟ್ಟಾದ ಕಾಕತಾಳೀಯ ಎಲ್ಲರಿಗೂ ಸಿಗದು. ಬೇರೆ ಅಳತೆಯ ಸ್ಕ್ರೂ ಇರುವವರು ತಮ್ಮದನ್ನು ತಾವೇ ಒಮ್ಮೆ ಅಳೆದುಕೊಂಡರೆ ಮುಂದಿನ ಕೆಲಸ ಅರ್ಧ ಆದಂತೆ.

ಈ ಲೆಕ್ಕ ಇನ್ನೊಂದನ್ನೂ ಹೇಳಿತು. ಹತ್ತು ಸುತ್ತು ಹತ್ತು ಸೆಂಟ್ ಇಳಿಸಿದೆ, ಅಂದರೆ ಸ್ಯಾಡಲ್ ತನ್ನ ಕೆಲಸವನ್ನು ಲೋಪವಿಲ್ಲದೆ ಮಾಡಿದೆ. ಹೀಗಿರುವಾಗ ಉಳಿದ ನಾಲ್ಕೈದು ಸೆಂಟ್ ಮತ್ತು ಆ ಓಲಾಟ ಬೇರೆ ಎಲ್ಲಿಂದಲೋ ಬರುತ್ತಿರಬೇಕು. ಪ್ಲೈಯರ್ ಕೆಳಗಿಟ್ಟೆ.

ಮರುದಿನ ವಾದ್ಯ ದುರಸ್ತಿ ಮಾಡುವ ಹಿರಿಯರೊಬ್ಬರಿಗೆ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, "ತಂತಿ ಎಷ್ಟು ದಿನದ್ದು?" ಎಂದರು. ನಾನು ಕೊಂಡಾಗ ಇದ್ದದ್ದೇ ಎಂದೆ. "ಹಾಗಾದರೆ ಸ್ಯಾಡಲ್ ಮೇಲೆ ಯಾಕ್ರೀ ಸಿಟ್ಟು? ಅದು ಕೊನೇ ಸ್ಕ್ರೂ. ಮೊದಲು ತಂತಿ, ಆಮೇಲೆ ಕತ್ತು, ಆಮೇಲೆ ಎತ್ತರ, ಆಮೇಲೆ ಪಿಕಪ್. ಇಷ್ಟೂ ಆದ ಮೇಲೆ ಅದರ ಹತ್ತಿರ ಹೋಗಿ" ಎಂದರು.

ಹಳೆಯ ಇ ತಂತಿಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಕೆಳಗಿನ ಫ್ರೆಟ್‌ಗಳು ತಾಗುವ ಜಾಗಗಳಲ್ಲಿ ಸುತ್ತಿನ ತಂತಿ ಚಪ್ಪಟೆಯಾಗಿ ಹೊಳೆಯುತ್ತಿತ್ತು, ಆ ಜಾಗಗಳ ನಡುವೆ ಸುತ್ತುಗಳ ಸಂದಿನಲ್ಲಿ ಬೆವರು, ಕೊಳೆ ಸೇರಿ ಕಪ್ಪಾಗಿತ್ತು. ಒಂದು ಕಡೆ ಸವೆದು, ಇನ್ನೊಂದು ಕಡೆ ಕೊಳೆ ಮೆತ್ತಿಕೊಂಡ ತಂತಿಯ ತೂಕ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ತೂಕ ಒಂದೇ ಸಮ ಇಲ್ಲದ ತಂತಿ ಯಾವ ಲೆಕ್ಕಕ್ಕೂ ಒಗ್ಗುವುದಿಲ್ಲ. 45, 65, 85, 105 ಎಂಬ ಸಾಮಾನ್ಯ ದಪ್ಪದ ಹೊಸ ತಂತಿಗಳನ್ನು ಹಾಕಿದೆ. ಈ ಅಂಕಿಗಳು ಇಂಚಿನ ಸಾವಿರದ ಭಾಗಗಳು, ಅಂದರೆ ಇ ತಂತಿ ಎರಡೂಮುಕ್ಕಾಲು ಮಿ.ಮೀ.ಗೆ ತುಸು ಕಡಿಮೆ ದಪ್ಪ. ಹಾಕುವಾಗ ತಂತಿ ತಿರುಚಿಕೊಳ್ಳದಂತೆ ನೋಡಿಕೊಂಡೆ, ಉದ್ದ ಹೆಚ್ಚಾದದ್ದನ್ನು ಮೊದಲು ಲಂಬವಾಗಿ ಮಡಿಚಿ, ಮಡಿಕೆಯ ಆಚೆಗೆ ಕತ್ತರಿಸಿದೆ. ಮಡಿಚದೆ ಕತ್ತರಿಸಿದರೆ ಹೊರಗಿನ ಸುತ್ತು ಒಳಗಿನ ಎಳೆಯಿಂದ ಸಡಿಲಾಗಿ ತಂತಿ ಸತ್ತಂತಾಗುತ್ತದೆ.

ಇಲ್ಲಿ ನನಗೆ ಹೊಸದಾಗಿ ತಿಳಿದ ಸಂಗತಿಯೊಂದಿದೆ. ಹೊಸ ದಪ್ಪ ತಂತಿ ಸ್ಯಾಡಲ್‌ನ ಮೇಲೆ ಹಾದುಬರುವಾಗ ಅಲ್ಲಿಯೇ ಚೂಪಾಗಿ ಬಾಗುವುದಿಲ್ಲ; ಸ್ಯಾಡಲ್‌ನಿಂದ ಒಂದೆರಡು ಸೆಂಟಿಮೀಟರ್ ದೂರದವರೆಗೆ ಮೆಲ್ಲಗೆ ಕಮಾನಿನಂತೆ ಏರಿ ಆಮೇಲೆ ನೇರವಾಗುತ್ತದೆ. ಕಣ್ಣನ್ನು ತಂತಿಯ ಮಟ್ಟಕ್ಕೆ ತಂದು ನೋಡಿದರೆ ಈ ಉಬ್ಬು ಕಾಣುತ್ತದೆ. ಹಾಗಿರುವಷ್ಟು ಹೊತ್ತು ತಂತಿ ನಿಜವಾಗಿ ಎಲ್ಲಿಂದ ಕಂಪಿಸಲು ಆರಂಭಿಸುತ್ತದೆ ಎಂಬುದೇ ನಿಶ್ಚಯವಿರುವುದಿಲ್ಲ. ಹೆಬ್ಬೆರಳಿನಿಂದ ಸ್ಯಾಡಲ್‌ನ ಮುಂದುಗಡೆಯೇ ಒಮ್ಮೆ ಗಟ್ಟಿಯಾಗಿ ಕೆಳಕ್ಕೆ ಒತ್ತಬೇಕು. ನಟ್‌ನ ಬಳಿಯೂ ಹಾಗೆಯೇ. ಹಾಗೆ ಒತ್ತಿದೊಡನೆ ನನ್ನ ಇ ತಂತಿಯ ಶ್ರುತಿ 10 ಸೆಂಟ್‌ಗೂ ಹೆಚ್ಚು ಇಳಿಯಿತು. ಮತ್ತೆ ಬಿಗಿದು ಮತ್ತೆ ಒತ್ತಿದಾಗ ಎರಡು ಸೆಂಟ್ ಇಳಿಯಿತು, ಮೂರನೆಯ ಸಲ ಇಳಿಯಲಿಲ್ಲ.

ಮುಂದೆ ಕತ್ತು. ಕತ್ತು ತಂತಿಗಳ ಎಳೆತಕ್ಕೆ ಸ್ವಲ್ಪ ಮುಂದಕ್ಕೆ ಬಾಗಿರಬೇಕು, ಇಲ್ಲದಿದ್ದರೆ ಕಂಪಿಸುವ ತಂತಿ ಫ್ರೆಟ್‌ಗೆ ಬಡಿಯುತ್ತದೆ. ಆದರೆ ಬಾಗು ಹೆಚ್ಚಾದರೆ ತಂತಿಯನ್ನು ಹೆಚ್ಚು ದೂರ ಒತ್ತಬೇಕಾಗಿ, ಹೆಚ್ಚು ಎಳೆದು, ಶ್ರುತಿ ಏರುತ್ತದೆ. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಏಕಕಾಲಕ್ಕೆ ಒತ್ತಿ ಹಿಡಿದರೆ ತಂತಿಯೇ ಒಂದು ನೇರಪಟ್ಟಿಯಾಗುತ್ತದೆ. ಆಗ 7–8ನೆಯ ಫ್ರೆಟ್‌ನ ಮೇಲೆ ಉಳಿಯುವ ಸಂದನ್ನು ಫೀಲರ್ ಗೇಜ್‌ನಿಂದ (ಗೊತ್ತಾದ ದಪ್ಪದ ತೆಳು ಲೋಹದ ಪಟ್ಟಿಗಳಿಂದ) ಅಳೆಯಬೇಕು. ಸುಮಾರು 0.3 ಮಿ.ಮೀ. ಇದ್ದರೆ ಸಾಕು. ನನ್ನದು 0.7 ಇತ್ತು. ಕತ್ತಿನೊಳಗಿನ ಉಕ್ಕಿನ ಸರಳಾದ ಟ್ರಸ್ ರಾಡ್ ಅನ್ನು ಅಲೆನ್ ಕೀಯಿಂದ ಕಾಲು ಸುತ್ತು ಬಲಕ್ಕೆ ಬಿಗಿದೆ, ಶ್ರುತಿ ಮಾಡಿ ಒಂದು ರಾತ್ರಿ ಬಿಟ್ಟೆ, ಮರುದಿನ ಇನ್ನೊಂದು ಕಾಲು ಸುತ್ತು ಬಿಗಿದೆ. 0.35ಕ್ಕೆ ಬಂತು, ಅಲ್ಲಿಗೆ ನಿಲ್ಲಿಸಿದೆ. ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಭಯವಾದದ್ದು ಇದೊಂದೇ, ಏಕೆಂದರೆ ಅತಿಯಾಗಿ ಬಿಗಿದರೆ ಹಾಳಾಗುವುದು ಒಂದು ಸ್ಕ್ರೂ ಅಲ್ಲ, ಕತ್ತು.

ತಂತಿಯ ಎತ್ತರ, ಅಂದರೆ ಆ್ಯಕ್ಷನ್, ಬೇಗ ಮುಗಿಯಿತು. 17ನೆಯ ಫ್ರೆಟ್‌ನ ನೆತ್ತಿಯಿಂದ ಇ ತಂತಿಯ ತಳಕ್ಕೆ 3.2 ಮಿ.ಮೀ. ಇದ್ದದ್ದನ್ನು 2.4ಕ್ಕೂ, ಜಿ ತಂತಿಯನ್ನು 2ಕ್ಕೂ ಇಳಿಸಿ, ನಡುವಿನ ಎರಡನ್ನು ಫ್ರೆಟ್‌ಬೋರ್ಡಿನ ಉಬ್ಬಿಗೆ ಹೊಂದುವಂತೆ ಕೂರಿಸಿದೆ.

ಪಿಕಪ್‌ನ ವಿಷಯದಲ್ಲಿ ಮಾತ್ರ ನನಗೆ ಆ ಹಿರಿಯರ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಧ್ವನಿಯನ್ನು ಹಿಡಿಯುವ ಪಿಕಪ್‌ಗೂ ಶ್ರುತಿಗೂ ಏನು ಸಂಬಂಧ? ಆದರೆ ಪಿಕಪ್‌ನೊಳಗಿರುವುದು ಅಯಸ್ಕಾಂತ, ತಂತಿ ಉಕ್ಕಿನದು. ತಂತಿ ತೀರ ಹತ್ತಿರವಿದ್ದರೆ ಅಯಸ್ಕಾಂತದ ಸೆಳೆತ ಕಂಪನವನ್ನೇ ಕದಡುತ್ತದೆ, ಒಂದೇ ಸ್ವರದಲ್ಲಿ ಎರಡು ಸ್ವರಗಳಿದ್ದಂತೆ ಕೇಳುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ ಒತ್ತಿದಾಗ ತಂತಿ ಪಿಕಪ್‌ಗೆ ಇನ್ನಷ್ಟು ಹತ್ತಿರವಾಗುವುದರಿಂದ ತೊಂದರೆಯೂ ಅಲ್ಲೇ ಹೆಚ್ಚು. ಕೊನೆಯ ಫ್ರೆಟ್‌ನಲ್ಲಿ ಇ ತಂತಿಯನ್ನು ಒತ್ತಿ ಅಳೆದರೆ ಪಿಕಪ್‌ಗೂ ತಂತಿಗೂ ಒಂದೂವರೆ ಮಿ.ಮೀ. ಅಂತರವೂ ಇರಲಿಲ್ಲ. ಅದನ್ನು 3 ಮಿ.ಮೀ.ವರೆಗೆ ಇಳಿಸಿದೆ. 12ನೆಯ ಫ್ರೆಟ್‌ನಲ್ಲಿ ಮತ್ತೆ ಮೀಟಿದೆ. ಟ್ಯೂನರ್‌ನ ಗೆರೆ ಒಮ್ಮೆ ಏರಿ, ಇಳಿದು, ನಿಂತಿತು. ನಾನು ಎರಡು ರಾತ್ರಿ ನೋಡಿದ್ದ ಓಲಾಟ ಹೋಗಿತ್ತು. ಧ್ವನಿ ತುಸು ಮೆತ್ತಗಾಯಿತು, ನಿಜ. ಆಂಪ್ಲಿಫೈಯರ್‌ನ ಗುಂಡಿಯನ್ನು ಅಷ್ಟೇ ಏರಿಸಿಕೊಂಡೆ.

ಸ್ಯಾಡಲ್‌ಗೆ ಮರಳಿ ಬಂದದ್ದು ನಾಲ್ಕನೆಯ ದಿನ. ಈ ಸಲ ಅಳತೆಯ ಕ್ರಮವನ್ನೂ ಬಿಗಿ ಮಾಡಿಕೊಂಡೆ, ಏಕೆಂದರೆ ಮೊದಲ ರಾತ್ರಿಯ ಅಂಕಿಗಳಲ್ಲಿ ಎಷ್ಟು ವಾದ್ಯದ್ದು, ಎಷ್ಟು ನನ್ನ ಕೈಯದು ಎಂದು ಈಗ ಸಂಶಯವಿತ್ತು. ಸೆಂಟ್‌ನ ಹತ್ತನೆಯ ಭಾಗ ತೋರಿಸುವ ಸ್ಟ್ರೋಬ್ ಟ್ಯೂನರ್‌ಗೆ ಕೇಬಲ್‌ನಿಂದ ನೇರ ಜೋಡಿಸಿದೆ, ಟೋನ್ ಗುಂಡಿಯನ್ನು ಪೂರ್ತಿ ಇಳಿಸಿದೆ. ಬಿಟ್ಟ ಇ ತಂತಿಯ 41.2 ಹರ್ಟ್ಸ್ ಹಿಡಿಯಲು ಅನೇಕ ಟ್ಯೂನರ್‌ಗಳು ತಡವರಿಸುತ್ತವೆ, ಮೂಲಸ್ವರಕ್ಕಿಂತ ಅದರ ಮೇಲಿನ ಸ್ವರಗಳೇ ಅವಕ್ಕೆ ಗಟ್ಟಿಯಾಗಿ ಕೇಳುತ್ತವೆ. ಹಾಗಾಗಿ 12ನೆಯ ಫ್ರೆಟ್‌ನ ನೇರಕ್ಕೆ ಬೆರಳನ್ನು ತಾಗಿಸಿಯೂ ತಾಗಿಸದಂತೆ ಇಟ್ಟು ಮೀಟಿದಾಗ ಬರುವ ಹಾರ್ಮೋನಿಕ್‌ನಿಂದ ಶ್ರುತಿ ಮಾಡಿ, ಬಳಿಕ ಅಲ್ಲಿಯೇ ಒತ್ತಿದ ಸ್ವರವನ್ನು ಅದಕ್ಕೆ ಹೋಲಿಸಿದೆ. ಬೇಸ್ ಅನ್ನು ಮೇಜಿನ ಮೇಲೆ ಮಲಗಿಸದೆ, ನುಡಿಸುವಾಗ ಹೇಗೋ ಹಾಗೆಯೇ ತೊಡೆಯ ಮೇಲಿಟ್ಟುಕೊಂಡೆ; ಮಲಗಿಸಿದಾಗ ಕತ್ತಿನ ಮೇಲೆ ಬೀಳುವ ಭಾರ ಬೇರೆಯಾಗಿ ಅಂಕಿ ಒಂದೆರಡು ಸೆಂಟ್ ಬದಲಾಗುವುದನ್ನು ಕಂಡಿದ್ದೆ.

ಒತ್ತುವ ಬಲದ ಪರೀಕ್ಷೆಯನ್ನೂ ಮಾಡಿದೆ. ಅದೇ ತಂತಿ, ಅದೇ ಫ್ರೆಟ್: ಸ್ವರ ಶುದ್ಧವಾಗಿ ಬರುವಷ್ಟು ಮಾತ್ರ ಒತ್ತಿದಾಗ ಒಂದು ಅಂಕಿ, ಅಭ್ಯಾಸಬಲದಿಂದ ಅದುಮಿದಾಗ ಅದಕ್ಕಿಂತ 4 ಸೆಂಟ್ ಹೆಚ್ಚು. ಬೆರಳು ಅಡ್ಡಕ್ಕೆ ತುಸು ಎಳೆದರೆ ಇನ್ನೂ ಹೆಚ್ಚು. ಮೀಟುವ ಬಲವೂ ಹೀಗೆಯೇ: ಜೋರಾಗಿ ಮೀಟಿದ ತಂತಿ ಅಗಲವಾಗಿ ಕಂಪಿಸುವ ಮೊದಲ ಕ್ಷಣದಲ್ಲಿ ಹೆಚ್ಚು ಎಳೆದುಕೊಂಡಿರುತ್ತದೆ, ಶ್ರುತಿ ಮೇಲಿನಿಂದ ಆರಂಭವಾಗಿ ಇಳಿದು ನೆಲೆಗೊಳ್ಳುತ್ತದೆ. ಆದ್ದರಿಂದ ಎಲ್ಲ ತಂತಿಗಳಿಗೂ ಒಂದೇ ಹದದಲ್ಲಿ ಮೀಟಿ, ಮನಸ್ಸಿನಲ್ಲಿ ಒಂದು ಎಣಿಸಿ, ಆಗ ಕಾಣುವ ಅಂಕಿಯನ್ನೇ ಬರೆದುಕೊಂಡೆ.

ಈ ಕ್ರಮದಲ್ಲಿ ಸಿಕ್ಕ ಅಂಕಿಗಳು ಮೊದಲಿನವುಗಳ ಹಾಗಿರಲಿಲ್ಲ. ಜಿ 1 ಹೆಚ್ಚು, ಡಿ 3 ಹೆಚ್ಚು, ಎ 4 ಹೆಚ್ಚು. ಕೊನೆಯವರೆಗೂ ಹಿಂದಕ್ಕೆ ಎಳೆದಿಟ್ಟಿದ್ದ ಇ ತಂತಿ ಈಗ 3 ಸೆಂಟ್ ಕಡಿಮೆ! ಸ್ಪ್ರಿಂಗ್ ಕತ್ತರಿಸಿಯಾದರೂ ಇನ್ನೂ ಹಿಂದಕ್ಕೆ ಒಯ್ಯಬೇಕೆಂದಿದ್ದ ಸ್ಯಾಡಲ್ ಅನ್ನು ಮುಂದಕ್ಕೆ ತರಬೇಕಿತ್ತು. ಇಷ್ಟಾದ ಮೇಲೆ ಕೆಲಸ ಲೆಕ್ಕದಂತೆಯೇ ನಡೆಯಿತು. ಪ್ರತಿ ಸಲವೂ ತಂತಿ ಸಡಿಲಿಸಿ, ಜಿ ಒಂದು ಸುತ್ತು ಹಿಂದೆ, ಡಿ ಮೂರು ಹಿಂದೆ, ಎ ನಾಲ್ಕು ಹಿಂದೆ, ಇ ಮೂರು ಮುಂದೆ. ಮುಂದಕ್ಕೆ ತಂದಾಗ ಸ್ಯಾಡಲ್ ತಾನಾಗಿ ಸರಿಯಲಿಲ್ಲ. ಸ್ಕ್ರೂ ಸಡಿಲಿಸಿ ಸ್ಯಾಡಲ್ ಅನ್ನು ಬೆರಳಿನಿಂದ ತಟ್ಟಿದಾಗ ಸ್ಪ್ರಿಂಗ್ ಅದನ್ನು ಕಟ್ ಎಂದು ತಳ್ಳಿ ಕೂರಿಸಿತು. ಮತ್ತೆ ಬಿರಡೆಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿದು ಶ್ರುತಿಗೆ ತಂದು, ಸ್ಯಾಡಲ್‌ನ ಮುಂದೆ ಮತ್ತೊಮ್ಮೆ ಹೆಬ್ಬೆರಳು ಒತ್ತಿ, ಅಳೆದೆ. ನಾಲ್ಕೂ ತಂತಿಗಳು ಅರ್ಧ ಸೆಂಟ್‌ನೊಳಗೆ ಬಂದವು. ಈಗ ಇ ಸ್ಯಾಡಲ್ ಜಿ ಸ್ಯಾಡಲ್‌ಗಿಂತ 4.5 ಮಿ.ಮೀ. ಹಿಂದೆ, ನಾಲ್ಕೂ ಸೇರಿ ಓರೆಯಾದ ಮೆಟ್ಟಿಲಿನಂತೆ ಕಾಣುತ್ತವೆ.

ಇದರ ನಡುವೆ ನನ್ನ ಹಳೆಯ ಅಭ್ಯಾಸವೊಂದೂ ಸಿಕ್ಕಿಬಿತ್ತು. ಟ್ಯೂನರ್ ಇಲ್ಲದಾಗ ಒಂದು ತಂತಿಯ 5ನೆಯ ಫ್ರೆಟ್ ಹಾರ್ಮೋನಿಕ್ ಅನ್ನು ಮುಂದಿನ ತಂತಿಯ 7ನೆಯ ಫ್ರೆಟ್ ಹಾರ್ಮೋನಿಕ್‌ಗೆ ಕೂಡಿಸಿ ಶ್ರುತಿ ಮಾಡುತ್ತಿದ್ದೆ. ಇ ತಂತಿಯ 41.2ರ ನಾಲ್ಕರಷ್ಟು 164.8, ಎ ತಂತಿಯ 55ರ ಮೂರರಷ್ಟು 165. ಇವೆರಡನ್ನೂ ಕಿವಿಗೆ ಒಂದೇ ಮಾಡಿದರೆ ಎ ತಂತಿ ಎರಡು ಸೆಂಟ್ ಇಳಿದಂತಾಗುತ್ತದೆ, ಹೀಗೆ ಜಿ ತಂತಿ ತಲುಪುವಾಗ ಆರು ಸೆಂಟ್. ಫ್ರೆಟ್‌ಗಳನ್ನು ಸಮಪಾಲಿನ ಅರ್ಧಸ್ವರಗಳ ಲೆಕ್ಕದಲ್ಲಿ ಕೂರಿಸಿರುವಾಗ ತಂತಿಗಳನ್ನು ಶುದ್ಧ ಮಧ್ಯಮದ ಅಂತರದಲ್ಲಿ ಕೂಡಿಸಿದ್ದು ನನ್ನದೇ ತಪ್ಪು. ಅದನ್ನು ಯಾವ ಸ್ಯಾಡಲ್ ಕೂಡ ಸರಿಪಡಿಸದು.

12ನೆಯ ಫ್ರೆಟ್ ಸರಿಹೋದ ಮೇಲೆ ಉಳಿದ ಜಾಗಗಳನ್ನೂ ನೋಡಿದೆ. 5, 7, 17, 19ನೆಯ ಫ್ರೆಟ್‌ಗಳಲ್ಲಿ ಒಂದೆರಡು ಸೆಂಟ್‌ಗಳ ಏರಿಳಿತವಿತ್ತು. ಫ್ರೆಟ್‌ನ ವಾದ್ಯದಲ್ಲಿ ಅಷ್ಟು ಇದ್ದೇ ಇರುತ್ತದೆ. ಆದರೆ ಇ ತಂತಿಯ ಮೊದಲ ಫ್ರೆಟ್‌ನ ಎಫ್ ಸ್ವರ 9 ಸೆಂಟ್ ಹೆಚ್ಚಿತ್ತು, ಎರಡನೆಯದು 6. ಮೇಲೆ ಸರಿಯಿದ್ದು ಕೆಳಗೆ ಹೀಗೆ ಏರಿದ್ದರೆ ತಪ್ಪು ಬ್ರಿಡ್ಜ್‌ನ ಕಡೆಯದಲ್ಲ, ನಟ್‌ನದು. ತಂತಿಯನ್ನು 3ನೆಯ ಫ್ರೆಟ್‌ನಲ್ಲಿ ಒತ್ತಿ ಮೊದಲ ಫ್ರೆಟ್‌ನ ಮೇಲೆ ನೋಡಿದರೆ ತೆಳು ಕಾಗದ ಹೋಗುವಷ್ಟು ಸಂದಿರಬೇಕು. ನನ್ನದರಲ್ಲಿ ಅರ್ಧ ಮಿ.ಮೀ.ಗೂ ಹೆಚ್ಚಿತ್ತು. ನಟ್‌ನಲ್ಲಿ ತಂತಿ ಕೂರುವ ಸೀಳು ಎತ್ತರವಿದ್ದರೆ ಮೊದಲ ಫ್ರೆಟ್‌ನಲ್ಲಿ ಒತ್ತುವಾಗ ತಂತಿ ಚಿಕ್ಕ ದೂರದಲ್ಲಿ ಕಡಿದಾಗಿ ಬಾಗಬೇಕು, ಹಾಗಾಗಿ ಅಲ್ಲಿಯೇ ಎಳೆತ ಅತಿಹೆಚ್ಚು. ಸ್ಯಾಡಲ್ ಅನ್ನು ಇನ್ನಷ್ಟು ಹಿಂದಕ್ಕೆ ಒಯ್ದು ಈ 9ನ್ನು ಇಳಿಸಲು ಹೋದರೆ 12ನೆಯ ಫ್ರೆಟ್ ಕೆಡುತ್ತದೆಯೇ ಹೊರತು ಮೊದಲನೆಯದು ಸರಿಯಾಗುವುದಿಲ್ಲ.

ಸೀಳನ್ನು ಆಳ ಮಾಡುವ ಕೆಲಸಕ್ಕೆ ನಾನು ಕೈಹಾಕಲಿಲ್ಲ. ತಂತಿಯ ದಪ್ಪಕ್ಕೆ ಹೊಂದುವ ವಿಶೇಷ ಅರ ಬೇಕು, ಒಂದು ಎಳೆತ ಹೆಚ್ಚಾದರೆ ಬಿಟ್ಟ ತಂತಿ ಫ್ರೆಟ್‌ಗೆ ತಾಗಿ ಝರ್ರೆನ್ನುತ್ತದೆ, ಆಗ ಹೊಸ ನಟ್ ಹಾಕುವುದೇ ದಾರಿ. ಆ ಹಿರಿಯರ ಬಳಿಗೇ ಒಯ್ದೆ. ಅವರು ಎರಡೆಳೆ ಎಳೆದು ತಂತಿಯನ್ನು ಸೀಳಿಗೆ ಕೂರಿಸಿ ನೋಡುವುದು, ಮತ್ತೆ ಎತ್ತಿ ಎರಡೆಳೆ ಎಳೆಯುವುದು, ಹೀಗೆ ಅರ್ಧ ಗಂಟೆ ಮಾಡಿದರು. ಎಳೆಯುವಾಗ ಅರವನ್ನು ಬಿರಡೆಗಳ ಕಡೆಗೆ ತುಸು ಇಳಿಜಾರಾಗಿ ಹಿಡಿದಿದ್ದರು. ಕಾರಣ ಕೇಳಿದ್ದಕ್ಕೆ, ತಂತಿ ಸೀಳಿನ ಮುಂದಿನ ಅಂಚಿನಲ್ಲಿಯೇ ಕೂರಬೇಕು, ಹಿಂದೆ ಕೂತರೆ ಫ್ರೆಟ್‌ಗಳ ಅಳತೆಯೆಲ್ಲ ಸುಳ್ಳಾಗುತ್ತದೆ ಎಂದರು. ಎಫ್ ಸ್ವರ 2 ಸೆಂಟ್‌ಗೆ ಇಳಿಯಿತು. ಮನೆಗೆ ಬಂದು 12ನೆಯ ಫ್ರೆಟ್ ಮತ್ತೆ ಅಳೆದರೆ ಇ ತಂತಿ ಅರ್ಧ ಸೆಂಟ್ ಇಳಿದಿತ್ತು. ಸವೆದ ತಲೆಯ ಆ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿದೆ.

ತುಣುಕನ್ನು ಮತ್ತೆ ಮುದ್ರಿಸಿದೆವು. ಇ ತಂತಿಯ ಮೇಲೆ ಏರಿಹೋಗಿ ನಿಲ್ಲುವ ಜಾಗದಲ್ಲಿ ಬೇಸ್‌ನ ಸ್ವರ ಕೀಬೋರ್ಡ್‌ನ ಸ್ವರದೊಳಗೆ ಸೇರಿಹೋಗಿ, ಅದು ಎಲ್ಲಿ ಮುಗಿದು ಇದು ಎಲ್ಲಿ ಉಳಿಯಿತು ಎಂದು ಹೇಳಲು ನನಗೇ ಆಗಲಿಲ್ಲ. ಎ ತಂತಿಯ 17ನೆಯ ಫ್ರೆಟ್ ಮಾತ್ರ ಇಂದಿಗೂ 3 ಸೆಂಟ್ ಹೆಚ್ಚೇ ಇದೆ. ಆ ಡಿ ಸ್ವರವನ್ನು ದೀರ್ಘವಾಗಿ ಹಿಡಿಯಬೇಕಾಗಿ ಬಂದಾಗ ನಾನು ಡಿ ತಂತಿಯ 12ನೆಯ ಫ್ರೆಟ್‌ಗೆ ಹೋಗುತ್ತೇನೆ.